ನೈಟ್ ಡ್ಯೂಟಿ, ಬಾರದ ನಿದ್ರೆ, ರಾಜೀನಾಮೆಯ ಯೋಚನೆ: ಒಬ್ಬ ಶುಶ್ರೂಷಕಿಯ ಪತ್ರಕ್ಕೆ ಉತ್ತರ

ಪ್ರಶ್ನೆ: ನನಗೆ 34 ವರ್ಷ. ದಾವಣಗೆರೆಯಲ್ಲಿ 150 ಹಾಸಿಗೆಗಳ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಕೆಲಸಕ್ಕೆ ಸೇರಿ 11 ವರ್ಷವಾಯಿತು. ತಿಂಗಳಿಗೆ ಎರಡು ಸರದಿಯಂತೆ, ಒಂದೊಂದು ಸರದಿಯಲ್ಲಿ ಸತತ ಏಳು ನೈಟ್ ಬರುತ್ತದೆ. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ. 24 ರೋಗಿಗಳಿಗೆ ನಾವು ಇಬ್ಬರೇ. ಆರು ತಿಂಗಳಿಂದ ಡ್ಯೂಟಿಗೆ ಹೊರಡುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ. ಹಗಲು ಮೂರು–ನಾಲ್ಕು ಗಂಟೆಗಿಂತ ಹೆಚ್ಚು ನಿದ್ರೆಯಿಲ್ಲ. ತೂಕ ಎಂಟು ಕೆ.ಜಿ. ಏರಿದೆ, ಮುಟ್ಟು ಏರುಪೇರಾಗಿದೆ, ವಾರ್ಡಿನಲ್ಲೇ ಎರಡು ಸಲ ನೋಡಿಕೊಂಡಾಗ ಬಿಪಿ 148/94 ಇತ್ತು. ಮನೆಗೆ ಬಂದ ಮೇಲೆ ‘ಏಳನೇ ಬೆಡ್ಡಿಗೆ ಇನ್ಸುಲಿನ್ ಎಷ್ಟು ಕೊಟ್ಟೆ’ ಎಂದು ಗಾಬರಿಯಾಗಿ ವಾರ್ಡಿಗೆ ಫೋನ್ ಮಾಡುತ್ತೇನೆ. ಕಳೆದ ತಿಂಗಳು ಡೆಂಗಿಯಿಂದ ಒಬ್ಬ ಹುಡುಗ ತೀರಿಕೊಂಡಾಗ ನನಗೆ ಏನೂ ಅನ್ನಿಸಲಿಲ್ಲ. ಅದು ನನಗೇ ಭಯ ಹುಟ್ಟಿಸಿತು. ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಜೊತೆಯ ಸಿಸ್ಟರ್ ಕೊಟ್ಟ, ಗಾಬರಿ ತಗ್ಗಿಸಿ ನಿದ್ರೆ ತರಿಸುವ ಆಲ್‌ಪ್ರಜೋಲಾಮ್ ಅರ್ಧ ಮಾತ್ರೆಯನ್ನು ನಾಲ್ಕು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ಈಗ ಅದು ಒಂದಾಗಿದೆ. ‘ಆಸ್ಪತ್ರೆಯಲ್ಲಿ ಇರೋಳಿಗೇ ಕಾಯಿಲೆನಾ’ ಎಂದು ಅತ್ತೆಯವರು ಕೇಳುತ್ತಾರೆ. ಮಲಗಿದವಳು ಏಳದೇ ಇದ್ದರೂ ಆದೀತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನನ್ನ ಮನಸ್ಸು ದುರ್ಬಲವೇ? ನೈಟ್ ಮಾಡುವವರಿಗೆ ಕ್ಯಾನ್ಸರ್ ಬರುತ್ತದೆ ಎನ್ನುವುದು ನಿಜವೇ? ಮನೋವೈದ್ಯರ ಬಳಿ ಹೋದರೆ ನನ್ನ ರಿಜಿಸ್ಟ್ರೇಶನ್‌ಗೆ ತೊಂದರೆಯಾಗುತ್ತದೆಯೇ? ಕೆಲಸ ಬಿಟ್ಟುಬಿಡಲೇ?

ಉತ್ತರ: ನೀವು ಕೇಳಿರುವ ನಾಲ್ಕು ಪ್ರಶ್ನೆಗಳಿಗೂ ಉತ್ತರ ಕೊಡುತ್ತೇನೆ. ಆದರೆ ಪತ್ರದ ಕೊನೆಯಲ್ಲಿ, ಪ್ರಶ್ನೆಯಾಗಿ ಅಲ್ಲದೆ, ನೀವು ಹೇಳಿ ದಾಟಿಹೋದ ಎರಡು ಸಂಗತಿಗಳು ಅವುಗಳಿಗಿಂತ ತುರ್ತಿನವು. ಅವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಮೊದಲನೆಯದು, ಮಲಗಿದವಳು ಏಳದಿದ್ದರೂ ಆದೀತು ಎಂಬ ಅನಿಸಿಕೆ. ಇದನ್ನು ನನ್ನೆದುರು ಕುಳಿತು ಹೇಳಿದ ಶುಶ್ರೂಷಕಿಯರು ಅನೇಕರಿದ್ದಾರೆ. ಹೆಚ್ಚಿನವರು ನಗುತ್ತಲೇ ಹೇಳಿದ್ದಾರೆ. ಇದು ಬರೀ ದಣಿವಿನ ಮಾತೂ ಇರಬಹುದು, ಖಿನ್ನತೆಯ ಲಕ್ಷಣವೂ ಇರಬಹುದು. ಪತ್ರ ಓದಿ ಅದನ್ನು ತೀರ್ಮಾನಿಸಲು ಬರುವುದಿಲ್ಲ. ಆದ್ದರಿಂದ ಈ ವಾರವೇ ಒಬ್ಬ ಮನೋವೈದ್ಯರನ್ನು ಕಾಣಿರಿ, ಈ ಅನಿಸಿಕೆಯನ್ನು ನಿಮ್ಮ ಯಜಮಾನರಿಗೆ ಅಥವಾ ನಂಬಿಕೆಯ ಒಬ್ಬರಿಗೆ ಇಂದೇ ಬಾಯಿಬಿಟ್ಟು ಹೇಳಿರಿ. ಸಾಯುವ ಯೋಚನೆ ಸ್ಪಷ್ಟವಾಗುತ್ತಾ ಹೋದರೆ, ಅಥವಾ ಹೇಗೆ ಎಂಬ ಕಡೆಗೆ ಮನಸ್ಸು ಹರಿದರೆ, ವಾರ ಕಾಯುವಂತಿಲ್ಲ. ಅದೇ ಹೊತ್ತಿಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಮನೆಯಲ್ಲಿ ಮಾತ್ರೆಗಳನ್ನು ಕೂಡಿಟ್ಟಿದ್ದರೆ ಅವನ್ನು ಬೇರೆಯವರ ಕೈಗೆ ಒಪ್ಪಿಸಿರಿ.

ಎರಡನೆಯದು ಆಲ್‌ಪ್ರಜೋಲಾಮ್. ಅರ್ಧ ಮಾತ್ರೆ ಒಂದಾಯಿತು ಎಂದು ನೀವೇ ಬರೆದಿದ್ದೀರಿ. ಮೊದಲಿನ ಪ್ರಮಾಣ ಈಗ ದೇಹಕ್ಕೆ ಸಾಲುತ್ತಿಲ್ಲ ಎಂದೇ ಇದರರ್ಥ. ಈ ಗುಂಪಿನ ಔಷಧಿಗಳು ಮೊದಲ ಕೆಲವು ದಿನ ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ, ಅಪಾಯ ಇರುವುದೂ ಅಲ್ಲಿಯೇ. ಕೆಲವು ವಾರಗಳ ನಿತ್ಯ ಬಳಕೆಯ ನಂತರ ಇವು ಅಭ್ಯಾಸವಾಗುತ್ತವೆ, ಆಮೇಲೆ ಒಂದು ದಿನ ತಪ್ಪಿದರೂ ಗಾಬರಿ, ನಡುಕ, ನಿದ್ರಾಹೀನತೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತವೆ. ಡ್ಯೂಟಿಗೆ ಹೊರಡುವ ಮುನ್ನ ನಿಮಗೆ ಆಗುತ್ತಿರುವ ಎದೆಬಡಿತದಲ್ಲಿ ಒಂದು ಪಾಲು ಹಿಂದಿನ ಮಾತ್ರೆಯ ಪ್ರಭಾವ ಇಳಿಯುತ್ತಿರುವುದರಿಂದಲೇ ಇದ್ದರೂ ಇರಬಹುದು. ಇದನ್ನು ಓದಿದ ಕೂಡಲೇ ದಯವಿಟ್ಟು ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿರಿ. ಹಾಗೆ ನಿಲ್ಲಿಸಿದವರಿಗೆ ಫಿಟ್ಸ್ ಬಂದ ಉದಾಹರಣೆಗಳಿವೆ. ವೈದ್ಯರ ನಿಗಾದಲ್ಲಿ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿಕೊಂಡು ಬರಬೇಕು. ಚೀಟಿಯಿಲ್ಲದೆ, ಒಬ್ಬರಿಂದ ಒಬ್ಬರಿಗೆ ದಾಟುವ ಈ ಮಾತ್ರೆ ನಮ್ಮ ಆಸ್ಪತ್ರೆಗಳ ಡ್ಯೂಟಿ ರೂಮುಗಳಲ್ಲಿ ಹೊರಗಿನವರು ಊಹಿಸುವುದಕ್ಕಿಂತ ಹೆಚ್ಚು ಓಡಾಡುತ್ತದೆ. ಅದು ವಾರ್ಡಿನ ದಾಸ್ತಾನಿನಿಂದ ಬಂದದ್ದೆಂದು ಗೊತ್ತಾದರೆ ನಿಮ್ಮ ಕೆಲಸಕ್ಕೂ ಕುತ್ತು.

ಇನ್ನು ಮನಸ್ಸು ದುರ್ಬಲವೇ ಎಂಬ ಪ್ರಶ್ನೆ. ಹನ್ನೊಂದು ವರ್ಷ ಇದೇ ಕೆಲಸವನ್ನು ನಿಭಾಯಿಸಿದ ಮನಸ್ಸು ಆರು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ದುರ್ಬಲವಾಯಿತು ಎನ್ನುವುದಕ್ಕಿಂತ, ಹೊರೆ ಮತ್ತು ನಿದ್ರೆಯ ಲೆಕ್ಕ ಎಲ್ಲೋ ತಪ್ಪಿತು ಎನ್ನುವುದೇ ಹೆಚ್ಚು ಸಮಂಜಸ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ನಮ್ಮ ಮೆದುಳಿನಲ್ಲಿ ಬೆಳಕನ್ನು ನೋಡಿ ಸಮಯ ಹೊಂದಿಸಿಕೊಳ್ಳುವ ಒಂದು ಗಡಿಯಾರವಿದೆ. ಕತ್ತಲಾದ ಮೇಲೆ ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಹಾರ್ಮೋನ್ ಏರುವುದು, ಬೆಳಗಿನ ಜಾವಕ್ಕೆ ಎಚ್ಚರಕ್ಕೆ ಅಣಿಗೊಳಿಸುವ ಕಾರ್ಟಿಸೋಲ್ ಹಾರ್ಮೋನ್ ಏರುವುದು, ನಿದ್ರೆಯಲ್ಲಿ ರಕ್ತದೊತ್ತಡ ಇಳಿಯುವುದು, ಊಟವಾದ ಮೇಲೆ ಇನ್ಸುಲಿನ್ ಎಷ್ಟು ಚುರುಕಾಗಿ ಕೆಲಸ ಮಾಡಬೇಕೆಂಬುದು, ಎಲ್ಲವೂ ಇದರ ತಾಳಕ್ಕೆ ನಡೆಯುತ್ತವೆ. ಏಳು ರಾತ್ರಿ ಸತತವಾಗಿ ಎಚ್ಚರವಿದ್ದರೂ ಈ ಗಡಿಯಾರ ಪೂರ್ತಿ ತಿರುಗುವುದಿಲ್ಲ, ಏಕೆಂದರೆ ಬೆಳಿಗ್ಗೆ ಎಂಟಕ್ಕೆ ಹ್ಯಾಂಡ್‌ಓವರ್ ಮುಗಿಸಿ ಹೊರಬಂದ ಕೂಡಲೇ ಕಣ್ಣಿಗೆ ಬೀಳುವ ಬಿಸಿಲು ಅದನ್ನು ಮತ್ತೆ ಹಗಲಿಗೇ ಕಟ್ಟಿಹಾಕುತ್ತದೆ. ಹೀಗಾಗಿ ನೀವು ಮಲಗುವ ಹೊತ್ತಿಗೆ ದೇಹ ಏಳಲು ಸಿದ್ಧವಾಗಿರುತ್ತದೆ. ರಾತ್ರಿ ಎರಡಕ್ಕೆ, ಅಂತೂ ಐದು ನಿಮಿಷ ಸಿಕ್ಕಿತೆಂದು ಡಬ್ಬಿಯ ತಣ್ಣಗಿನ ಚಿತ್ರಾನ್ನವನ್ನೋ ಬೇಕರಿಯ ಪಫ್ಸನ್ನೋ ತಿಂದರೆ, ಅದೇ ತಿಂಡಿ ಹಗಲಲ್ಲಿ ಏರಿಸುವುದಕ್ಕಿಂತ ಹೆಚ್ಚು ಸಕ್ಕರೆಯನ್ನು ರಕ್ತದಲ್ಲಿ ಏರಿಸುತ್ತದೆ. ನಿದ್ರೆ ಕಡಿಮೆಯಾದಷ್ಟೂ ಹಸಿವು ಹೆಚ್ಚು, ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಗಳ ಮೇಲಿನ ಆಸೆ ಹೆಚ್ಚು. ಎಂಟು ಕೆ.ಜಿ.ಗೆ ಬಾಯಿಚಪಲವನ್ನೇ ದೂಷಿಸುವ ಮೊದಲು ಇದನ್ನು ನೆನಪಿಡಿರಿ. ಮುಟ್ಟಿನ ಏರುಪೇರಿಗೂ ತಿರುಗುವ ಶಿಫ್ಟುಗಳಿಗೂ ಸಂಬಂಧವಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ, ಆದರೂ ನಿಮ್ಮ ವಯಸ್ಸಿನಲ್ಲಿ ಥೈರಾಯ್ಡ್ ನೋಡದೆ ಎಲ್ಲವನ್ನೂ ನೈಟ್ ಡ್ಯೂಟಿಯ ತಲೆಗೆ ಕಟ್ಟಬಾರದು.

ಇದರ ಮೇಲೆ ನಮ್ಮ ಮನೆಗಳ ಹಗಲು. ರಾತ್ರಿ ಮಲಗಿದವರ ಕೋಣೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ಹಗಲು ಮಲಗಿದವಳ ಬಾಗಿಲನ್ನು ಎಲ್ಲರೂ ತಟ್ಟುತ್ತಾರೆ. ಕುಕ್ಕರ್ ಕೂಗು, ಸೊಪ್ಪಿನವಳ ಕೂಗು, ನೀರು ಬಂತೆಂಬ ಗಡಿಬಿಡಿ, ಗ್ಯಾಸಿನವನು ಕೇಳುವ ಓಟಿಪಿ, ಮಧ್ಯಾಹ್ನ ಶಾಲೆಯಿಂದ ಬರುವ ಮಗು. ಜೊತೆಗೆ, ಹೊತ್ತೇರಿದರೂ ಮಲಗಿದ್ದಾಳೆ ಎಂಬ ಮುಜುಗರ. ನೀವು ಹೇಳಿದ ಮೂರು–ನಾಲ್ಕು ಗಂಟೆಯೂ ಒಂದೇ ಉಸಿರಿನ ನಿದ್ರೆಯಾಗಿರಲಾರದು.

ಮನೆಗೆ ಬಂದ ಮೇಲೆ ಇನ್ಸುಲಿನ್ ಬಗ್ಗೆ ಹುಟ್ಟುವ ಗಾಬರಿಯ ಮೂಲವೂ ಬಹುಮಟ್ಟಿಗೆ ಇಲ್ಲಿದೆ. ದಣಿದ ಮೆದುಳು ಅಭ್ಯಾಸಬಲದ ಕೆಲಸವನ್ನು ಸರಿಯಾಗಿ ಮಾಡಿಬಿಡುತ್ತದೆ, ಆದರೆ ಮಾಡಿದ್ದನ್ನು ನೆನಪಿನಲ್ಲಿ ದಾಖಲಿಸುವುದಿಲ್ಲ. 17 ಗಂಟೆ ಸತತವಾಗಿ ಎಚ್ಚರವಿದ್ದವರ ಚುರುಕುತನ, 100 ಮಿ.ಲೀ. ರಕ್ತದಲ್ಲಿ ಸುಮಾರು 50 ಮಿ.ಗ್ರಾಂ ಮದ್ಯ ಇದ್ದವರಷ್ಟೇ ಕುಗ್ಗುತ್ತದೆ ಎಂದು 1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗ ತೋರಿಸಿತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಒಪ್ಪುವ ಮಿತಿ 30 ಮಿ.ಗ್ರಾಂ. ಹಾಗಾಗಿ ನೈಟ್ ಮುಗಿಸಿ ಸ್ಕೂಟಿಯಲ್ಲಿ ಮನೆಗೆ ಹೋಗುವವರಾಗಿದ್ದರೆ, ಆ ಪ್ರಯಾಣವೇ ನಿಮ್ಮ ಇಡೀ ದಿನದ ಅತಿ ಅಪಾಯದ ಕೆಲಸ. ಅದಕ್ಕೆ ಆಟೋ ಹಿಡಿಯಿರಿ ಅಥವಾ ಯಜಮಾನರನ್ನು ಬರಹೇಳಿರಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ, ಪ್ರಮಾಣ ತಪ್ಪಿದರೆ ಅಪಾಯವಾಗುವ ಔಷಧಿಗಳನ್ನು ಇಬ್ಬರೂ ಒಟ್ಟಿಗೆ ನೋಡಿ, ಕೊಟ್ಟ ಕ್ಷಣದಲ್ಲೇ ಸಹಿ ಹಾಕಿರಿ. ಬೆಳಿಗ್ಗೆ ಏಳಕ್ಕೆ ಕುಳಿತು ಎಲ್ಲ ಚಾರ್ಟುಗಳನ್ನೂ ಒಟ್ಟಿಗೆ ತುಂಬುವ ಪದ್ಧತಿಯೇ ಈ ಗಾಬರಿಯ ತವರು. ಇಷ್ಟು ಮಾಡಿದರೂ ಪರೀಕ್ಷಿಸಿ ಪರೀಕ್ಷಿಸಿ ನೋಡುವುದು ದಿನಕ್ಕೆ ಗಂಟೆಗಟ್ಟಲೆ ತಿನ್ನುತ್ತಿದ್ದರೆ, ಅದು ಬೇರೆ ತೊಂದರೆ, ವೈದ್ಯರಿಗೆ ಹೇಳಿರಿ.

ಹುಡುಗ ತೀರಿಕೊಂಡಾಗ ಏನೂ ಅನ್ನಿಸಲಿಲ್ಲ ಎಂಬುದು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದೆ ಎಂದು ಪತ್ರ ಓದಿದರೆ ತಿಳಿಯುತ್ತದೆ. ಇದನ್ನು ಕಲ್ಲುಮನಸ್ಸು ಎಂದು ತಿಳಿಯಬೇಡಿರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಎಂಬ ಸ್ಥಿತಿಗೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ ಕೆಲಸದಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. ಅದನ್ನು ಕಾಯಿಲೆಯೆಂದು ಕರೆಯದೆ, ಕೆಲಸದ ಸ್ಥಳದ ನಿರಂತರ ಒತ್ತಡವನ್ನು ನಿಭಾಯಿಸದೆ ಬಿಟ್ಟದ್ದರಿಂದ ಹುಟ್ಟುವ ಔದ್ಯೋಗಿಕ ವಿದ್ಯಮಾನ ಎಂದು ಸಂಸ್ಥೆ ಕರೆಯಿತು. ಈ ವ್ಯತ್ಯಾಸ ನಿಮಗೆ ಮುಖ್ಯ, ಏಕೆಂದರೆ ಅದರ ಮದ್ದು ಹೆಚ್ಚಿನಂಶ ರೋಸ್ಟರಿನಲ್ಲಿದೆ (ಡ್ಯೂಟಿ ಹಂಚುವ ಪಟ್ಟಿಯಲ್ಲಿದೆ), ಔಷಧಿ ಅಂಗಡಿಯಲ್ಲಿಲ್ಲ.

ಶುಶ್ರೂಷಕಿಯರ ವಿಷಯದಲ್ಲಿ ಇನ್ನೊಂದು ಭಾರವೂ ಸೇರುತ್ತದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಏನು ಮಾಡಿದರೆ ಸರಿ ಎಂದು ಗೊತ್ತಿದ್ದೂ ಮಾಡಲಾಗದೆ ನಿಲ್ಲುವ ಸಂಕಟ ಅದು. ದುಡ್ಡು ಮುಗಿಯಿತೆಂದು ಮನೆಯವರು ವೈದ್ಯರ ಸಲಹೆ ಮೀರಿ ಡಿಸ್ಚಾರ್ಜ್ ಕೇಳುತ್ತಾರೆ. ವೈದ್ಯರು ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದು ಮುಂದಿನ ವಾರ್ಡಿಗೆ ಹೋಗುತ್ತಾರೆ. ಇನ್ನೂ ಉಸಿರಿಗೆ ಏದುತ್ತಿರುವವನ ಕೈಯಿಂದ ಡ್ರಿಪ್ಪಿನ ಕ್ಯಾನುಲಾ (ನಳಿಕೆ) ತೆಗೆದು, ಹತ್ತಿ ಒತ್ತಿ ಹಿಡಿದು, ಅವನ ತಾಯಿಯ ಮುಖ ನೋಡುವವಳು ನರ್ಸ್. ಡ್ರಿಪ್ ಮುಗಿದು ಅರ್ಧ ಗಂಟೆಯಾಯಿತೆಂದು ರೋಗಿಯ ಕಡೆಯವರು ಕೂಗಾಡುವುದೂ ಬಿಲ್ಲಿಂಗ್ ಕೌಂಟರಿನ ಎದುರಲ್ಲ, ಅವಳ ಎದುರೇ. ಇದು ನೂರು ಸಲ ಆದಮೇಲೆ ಮನಸ್ಸು ತನ್ನನ್ನು ತಾನು ಮರಗಟ್ಟಿಸಿಕೊಳ್ಳುತ್ತದೆ.

ಬರ್ನ್‌ಔಟ್ ಮತ್ತು ಖಿನ್ನತೆಯನ್ನು ಬೇರ್ಪಡಿಸಲು ನಾನು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ನಾಲ್ಕು ದಿನ ರಜೆ ಹಾಕಿ ತವರಿಗೆ ಹೋಗಿ ಚೆನ್ನಾಗಿ ನಿದ್ರೆ ಮಾಡಿದಾಗ ಊಟ ರುಚಿಸುತ್ತದೆಯೇ, ಮಗಳ ಜೊತೆ ನಗು ಬರುತ್ತದೆಯೇ? ಬಂದರೆ ತೊಂದರೆ ಹೆಚ್ಚಾಗಿ ಕೆಲಸಕ್ಕೆ ಅಂಟಿಕೊಂಡಿದೆ. ಅಲ್ಲಿಯೂ ಬಾರದೆ, ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಬೇಸರ, ನಿರಾಸಕ್ತಿ, ತನ್ನ ಮೇಲೇ ತಿರಸ್ಕಾರ ಬಿಡದಿದ್ದರೆ ಅದು ಖಿನ್ನತೆ, ಅದಕ್ಕೆ ಚಿಕಿತ್ಸೆ ಬೇಕು. ಎರಡೂ ಒಟ್ಟಿಗೆ ಇರುವವರು ಬಹಳ. ಖಿನ್ನತೆಯ ಔಷಧಿಗಳು ಪರಿಣಾಮ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಆಲ್‌ಪ್ರಜೋಲಾಮ್‌ನಂತೆ ಮೇಲಿಂದ ಮೇಲೆ ಪ್ರಮಾಣ ಏರಿಸಬೇಕೆನ್ನಿಸುವ ಚಟ ಅವುಗಳಿಂದ ಹತ್ತುವುದಿಲ್ಲ, ಆದರೆ ಅವನ್ನೂ ನಿಲ್ಲಿಸುವಾಗ ನಿಧಾನವಾಗಿಯೇ ನಿಲ್ಲಿಸಬೇಕು.

ಕ್ಯಾನ್ಸರಿನ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ದೇಹದ ದಿನಚಕ್ರವನ್ನು ಕೆಡಿಸುವ ಪಾಳಿ ಕೆಲಸವನ್ನು 2007ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು, 2019ರಲ್ಲಿ ರಾತ್ರಿ ಪಾಳಿಯ ವಿಷಯದಲ್ಲಿ ಅದನ್ನೇ ಉಳಿಸಿಕೊಂಡಿತು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಸಂದೇಶಕ್ಕೆ ಮೂಲ ಇದು. ಆದರೆ ಈ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಕೆಂಪು ಮಾಂಸವೂ ಅದೇ 2ಎ ಗುಂಪಿನಲ್ಲಿದೆ. ಅದಕ್ಕಿಂತ ನಿಮಗೆ ಹತ್ತಿರದ ಅಪಾಯ ಹೃದಯ ಮತ್ತು ಸಕ್ಕರೆ ಕಾಯಿಲೆಯದು. 1976ರಲ್ಲಿ ಅಮೆರಿಕದಲ್ಲಿ ಶುರುವಾಗಿ ಲಕ್ಷಕ್ಕೂ ಹೆಚ್ಚು ಶುಶ್ರೂಷಕಿಯರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಹಲವು ವರ್ಷ ಹಗಲು–ರಾತ್ರಿ ತಿರುಗುವ ಪಾಳಿಯಲ್ಲಿ ದುಡಿದವರಿಗೆ ಇವೆರಡೂ ಸ್ವಲ್ಪ ಹೆಚ್ಚಾಗಿ ಕಂಡವು. ಸಕ್ಕರೆ ಕಾಯಿಲೆಯ ಹೆಚ್ಚಳದ ಒಂದು ಪಾಲು ತೂಕದ ಮೂಲಕವೇ ಬಂದಿತ್ತು. ಆದ್ದರಿಂದ ನಿಮ್ಮ 148/94 ಅನ್ನು ‘ನೈಟಿನ ಬಿಪಿ’ ಎಂದು ತಳ್ಳಿಹಾಕಬೇಡಿರಿ.

ರಿಜಿಸ್ಟ್ರೇಶನ್ ವಿಷಯ ಚಿಕ್ಕದು. ಮನೋವೈದ್ಯರ ಚಿಕಿತ್ಸೆ ಪಡೆದ ಕಾರಣಕ್ಕೇ ಶುಶ್ರೂಷಕಿಯ ನೋಂದಣಿ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ಕಾಯ್ದೆ ಏನೇ ಹೇಳಲಿ, ಆಸ್ಪತ್ರೆಯೊಳಗೆ ಮಾತು ಹರಡುತ್ತದೆ ಎಂಬ ನಿಮ್ಮ ಭಯ ಸುಳ್ಳಲ್ಲ. ಹಾಗಾಗಿ ನೀವು ಕೆಲಸ ಮಾಡುವ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳದೆ ಬೇರೆ ಕಡೆ ಹೋಗಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುತ್ತದೆ.

ಕೆಲಸ ಬಿಡಲೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ನೇರವಾಗಿದೆ: ಈಗಲೇ ತೀರ್ಮಾನಿಸಬೇಡಿರಿ. ನಾಲ್ಕು ಗಂಟೆ ನಿದ್ರೆಯ ಮೇಲೆ, ನಿತ್ಯ ಮಾತ್ರೆಯ ನೆರಳಿನಲ್ಲಿ ಬರೆದ ರಾಜೀನಾಮೆ ಸರಿಯಾದದ್ದೂ ಆಗಿರಬಹುದು, ಆದರೆ ಅದು ಸರಿಯೋ ತಪ್ಪೋ ಎಂದು ತೂಗುವ ಸ್ಥಿತಿಯಲ್ಲಿ ಈಗ ನೀವಿಲ್ಲ. ಮೊದಲು ವೈದ್ಯಕೀಯ ರಜೆ ಕೇಳಿರಿ. ಸಂಬಳ ಕಡಿತವಾಗಬಹುದು, ನಿಮ್ಮ ನೈಟುಗಳು ಜೊತೆಯವರ ಮೇಲೆ ಬಿದ್ದು ಅವರು ಮುಖ ಗಂಟಿಕ್ಕಬಹುದು. ಆದರೂ ಮಾತ್ರೆ ಇಳಿಸುವ ಮೊದಲ ವಾರಗಳಲ್ಲಿ ನೈಟ್ ಮಾಡುವುದು ನಿಮಗೂ ರೋಗಿಗಳಿಗೂ ಕ್ಷೇಮವಲ್ಲ.

ಆಮೇಲಿನ ದಾರಿ ರೋಸ್ಟರ್ ಬದಲಾವಣೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಗಳಲ್ಲಿ ಮೂರು ರೋಗಿಗಳಿಗೆ, ಇತರ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬರಿರಬೇಕು. ರಜೆಗೆಂದು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿಯೂ ಇರಬೇಕು. ನಿಮ್ಮಲ್ಲಿ ಹನ್ನೆರಡಕ್ಕೆ ಒಬ್ಬರು. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ರತಿ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು, ಶುಶ್ರೂಷಕಿ ಬರ್ನ್‌ಔಟ್ ಆಗುವ ಸಂಭವ ಶೇ 23ರಷ್ಟು ಏರಿತ್ತು. ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಅರ್ಜಿ ಬರೆಯುವಾಗ ‘ನನಗೆ ಸ್ಟ್ರೆಸ್ ಆಗಿದೆ’ ಎಂದು ಬರೆದರೆ ‘ಯಾರಿಗಿಲ್ಲ’ ಎಂಬ ಉತ್ತರ ಬರುತ್ತದೆ. ನಾಲ್ಕು ವಾರದ ಲೆಕ್ಕ ಬರೆದುಕೊಡಿರಿ: ಇಂಥ ರಾತ್ರಿ ಎಷ್ಟು ರೋಗಿಗಳು, ಎಷ್ಟು ಹೊಸ ಅಡ್ಮಿಷನ್, ಎಷ್ಟು ಇನ್ಸುಲಿನ್ ಇನ್‌ಫ್ಯೂಷನ್, ಯಾವ ಔಷಧಿ ಎಷ್ಟು ತಡವಾಯಿತು, ಇದ್ದ ಸ್ಟಾಫ್ ಎಷ್ಟು. ಆಡಳಿತ ಮಂಡಳಿಗೆ ಅರ್ಥವಾಗುವುದು ಈ ಭಾಷೆ. ಸತತ ನೈಟ್ ಮೂರ್ನಾಲ್ಕಕ್ಕೆ ಮೀರದಿರಲಿ, ಪಾಳಿಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೇ ತಿರುಗಲಿ, ಎರಡು ಡ್ಯೂಟಿಗಳ ನಡುವೆ 11 ಗಂಟೆ ಬಿಡುವಿರಲಿ, ರಾತ್ರಿ ಸರದಿಯ ಮೇಲೆ 20–30 ನಿಮಿಷ ಕಣ್ಣುಮುಚ್ಚಲು ಅವಕಾಶವಿರಲಿ ಎಂದು ಕೇಳಿರಿ. ಒಬ್ಬರೇ ಹೋದರೆ ತಕರಾರಿನವಳು ಎಂಬ ಹೆಸರು ಬರುತ್ತದೆ. ನಾಲ್ವರ ಸಹಿ ಇದ್ದರೆ ಅದು ವಾರ್ಡಿನ ಅಹವಾಲು.

ವಾರ್ಡ್ ಬಿಟ್ಟು ಓಪಿಡಿ, ಡಯಾಲಿಸಿಸ್, ಸೋಂಕು ನಿಯಂತ್ರಣ, ಬೋಧನೆಯಂಥ ಹಗಲಿನ ಕೆಲಸಕ್ಕೆ ಸರಿಯುವುದು ಮೂರನೆಯ ದಾರಿ. ನನ್ನ ಬಳಿ ಬಂದವರಲ್ಲಿ ಹೆಚ್ಚು ಜನ ಚೇತರಿಸಿಕೊಂಡದ್ದು ಈ ದಾರಿಯಲ್ಲೇ. ನೈಟ್ ಭತ್ಯೆ ಹೋಗುತ್ತದೆ, ಕೆಲಸ ಸಪ್ಪೆ ಎನ್ನಿಸಬಹುದು. ಬೇರೆ ಆಸ್ಪತ್ರೆಗೆ ಹೋಗುವುದಾದರೆ ಸಂಬಳಕ್ಕಿಂತ ಮೊದಲು ರಾತ್ರಿಯ ರೋಗಿ–ಸ್ಟಾಫ್ ಲೆಕ್ಕ ಕೇಳಿರಿ, ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒತ್ತೆ ಕೊಡಬೇಡಿರಿ. ಸಂಬಳದ ಮಾತು ಬಂದದ್ದರಿಂದ ಹೇಳುತ್ತೇನೆ: 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ರಚಿಸಿದ ಸಮಿತಿ, 100ರಿಂದ 200 ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರ ವೇತನ ರಾಜ್ಯ ಸರ್ಕಾರದ ವೇತನಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು. ನಿಮ್ಮದು ಎಷ್ಟಿದೆ ಎಂದು ನೀವು ಬರೆದಿಲ್ಲ, ನಾನು ಊಹಿಸಬಲ್ಲೆ. ಜರ್ಮನಿ, ಕೊಲ್ಲಿ ರಾಷ್ಟ್ರಗಳ ಯೋಚನೆಯಿದ್ದರೆ ಅದು ಒಳ್ಳೆಯದೇ, ಆದರೆ ಚೇತರಿಸಿಕೊಂಡ ಮೇಲೆ. ಭಾಷಾ ಪರೀಕ್ಷೆಯ ಓದು, ಏಜೆಂಟರ ಸಾಲ, ಮಗುವಿನಿಂದ ದೂರ, ಇವನ್ನು ಖಿನ್ನತೆಯ ಮೇಲೆ ಹೇರಿಕೊಳ್ಳಬಾರದು.

ಈ ನಡುವೆ ನೈಟ್ ಮಾಡಲೇಬೇಕಾದರೆ ಡ್ಯೂಟಿಗೆ ಮುಂಚೆ ಸಂಜೆ ಒಂದೂವರೆ ಗಂಟೆ ಮಲಗಿರಿ, ಊಟ ಹೊರಡುವ ಮುನ್ನವೇ ಮುಗಿಸಿ ರಾತ್ರಿಗೆ ಮೊಟ್ಟೆ, ಕಡಲೆ, ಮಜ್ಜಿಗೆಯಂಥದ್ದನ್ನು ಒಯ್ಯಿರಿ, ಎರಡು ಗಂಟೆಯ ಮೇಲೆ ಕಾಫಿ ಬೇಡ. ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದು, ದಪ್ಪ ಪರದೆ ಎಳೆದ ಕೋಣೆಯಲ್ಲಿ, ಫೋನ್ ಹೊರಗಿಟ್ಟು ಮಲಗಿರಿ. ಅತ್ತೆಯವರಿಗೆ ಒತ್ತಡದ ಬಗ್ಗೆ ವಿವರಿಸಿ ಪ್ರಯೋಜನವಾಗದಿರಬಹುದು. ಬಿಪಿ ಏರಿದೆ, ಹಗಲು ಒಂಬತ್ತರಿಂದ ಎರಡರವರೆಗೆ ಎಬ್ಬಿಸಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದರೆ ಅವರು ಒಪ್ಪುತ್ತಾರೆ. ಅದು ಸುಳ್ಳೂ ಅಲ್ಲ, ನಾನೇ ಹೇಳುತ್ತಿದ್ದೇನೆ.

ವೈದ್ಯರ ಬಳಿ ಹೋಗುವಾಗ ಎರಡು ತಿಂಗಳ ಡ್ಯೂಟಿ ರೋಸ್ಟರ್ ಮತ್ತು ಮಾತ್ರೆಯ ಪ್ರಮಾಣ ಬರೆದ ಚೀಟಿ ಒಯ್ಯಿರಿ. ಥೈರಾಯ್ಡ್, ಹಿಮೋಗ್ಲೋಬಿನ್, ಮೂರು ತಿಂಗಳ ಸರಾಸರಿ ಸಕ್ಕರೆ, ಕೊಲೆಸ್ಟರಾಲ್, ಇಸಿಜಿ ಪರೀಕ್ಷೆಗಳು ಸಾಕು. ‘ಫುಲ್ ಬಾಡಿ ಪ್ಯಾಕೇಜ್’ ಬೇಕಿಲ್ಲ. ಬಿಪಿಯನ್ನು ನೈಟ್ ಮುಗಿದ ಕೂಡಲೇ ನೋಡದೆ, ನಿದ್ರೆಯಾದ ಮೇಲೆ ಐದು ನಿಮಿಷ ಸುಮ್ಮನೆ ಕುಳಿತು, ಒಂದು ವಾರ ದಿನಕ್ಕೆರಡು ಸಲ ಮನೆಯಲ್ಲೇ ನೋಡಿ ಬರೆದಿಡಿರಿ. ರಜೆಯಲ್ಲಿದ್ದಾಗಲೂ ಸರಾಸರಿ 135/85 ದಾಟುತ್ತಿದ್ದರೆ, ರೋಸ್ಟರ್ ಬದಲಾಗಲಿ ಬಿಡಲಿ, ಅದಕ್ಕೆ ಪ್ರತ್ಯೇಕ ಚಿಕಿತ್ಸೆಯ ಮಾತನ್ನು ಫಿಜಿಷಿಯನ್ ಹತ್ತಿರ ಆಡಬೇಕಾಗುತ್ತದೆ.